ಇಂದಿನ ಧಮ್ಮ ಚಿಂತನೆ: ನಮ್ಮ ಅಂಗಳದ ನೀರು ಎಲ್ಲಿಗೆ ಹೋಗುತ್ತದೆ?

ವರ್ಷಾವಾಸ ನಡೆದಿದೆ. ಮಳೆಗಾಲದ ಮೂರು ತಿಂಗಳು ಭಿಕ್ಖುಗಳು ಒಂದೇ ಕಡೆ ನೆಲೆಸಬೇಕು ಎಂಬ ನಿಯಮ ಹೇಗೆ ಬಂತು ಎಂಬುದು ನಿಮಗೆ ಗೊತ್ತಿದೆ. ಮಳೆಯಲ್ಲಿ ತಿರುಗಾಡುವ ಭಿಕ್ಖುಗಳು ಎಳೆಯ ಹಸಿರನ್ನು ತುಳಿಯುತ್ತಾರೆ, ಸಣ್ಣ ಜೀವಗಳನ್ನು ಕೊಲ್ಲುತ್ತಾರೆ ಎಂದು ಜನ ದೂರಿದರು. ಭಗವಾನ್ ಬುದ್ಧರು ಆ ದೂರನ್ನು ಕೇಳಿಸಿಕೊಂಡರು. ನಿಯಮ ಬಂತು.

ಈ ಮಳೆಗಾಲದಲ್ಲಿ ನನ್ನ ಮೇಲೂ ಒಂದು ದೂರು ಬಂತು. ಅದನ್ನು ಕೇಳಿಸಿಕೊಳ್ಳಲು ನನಗೆ ಹನ್ನೊಂದು ದಿನ ಬೇಕಾಯಿತು. ಬರೆಯಲು ನಾಚಿಕೆಯಾಗುತ್ತದೆ. ಆದರೆ ನಮ್ಮ ಅಧ್ಯಯನ ಬಳಗದಲ್ಲಿ ಎಷ್ಟು ದಿನ ಬೇರೆಯವರ ತಪ್ಪನ್ನೇ ಉದಾಹರಣೆಯಾಗಿ ಕೊಡುವುದು? ಇವತ್ತು ನನ್ನದೇ ಇರಲಿ.

ನಮ್ಮ ಮನೆ ಕಲಬುರಗಿಯ ಒಂದು ಬಡಾವಣೆಯಲ್ಲಿದೆ. 30×40 ಅಡಿಯ ಜಾಗ. ನಮ್ಮ ವಂಶದಲ್ಲಿ ಸ್ವಂತ ಹೆಸರಿನ ಪಕ್ಕಾ ಮನೆ ಇದೇ ಮೊದಲು. ಎರಡು ವರ್ಷದ ಹಿಂದೆ ಮುಂದಿನ ರಸ್ತೆಗೆ ಹಳೆಯ ಡಾಂಬರಿನ ಮೇಲೆಯೇ ಸಿಮೆಂಟ್ ಹಾಕಿದರು. ರಸ್ತೆ ಎತ್ತರವಾಯಿತು, ನಮ್ಮ ಅಂಗಳ ತಗ್ಗಾಯಿತು. ಮಳೆ ಬಂದರೆ ರಸ್ತೆಯ ನೀರೆಲ್ಲ ಒಳಗೆ. ಎರಡು ಮಳೆಗಾಲ ಸಹಿಸಿದೆವು. ಈ ಬೇಸಿಗೆಯಲ್ಲಿ ಏಳು ಟ್ರ್ಯಾಕ್ಟರ್ ಮುರುಮು ಹಾಕಿಸಿ, ಅಂಗಳವನ್ನು ಒಂದೂವರೆ ಅಡಿ ಏರಿಸಿ, ಮೇಲೆ ಶಹಾಬಾದ್ ಫರಸಿ ಹಾಸಿಸಿದೆ. ನಮ್ಮ ಅಂಗಳ ಒಣಗಿತು. ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸಲಿಲ್ಲ.

ನೀರು ಹೋದದ್ದು ಪಕ್ಕದ ಮನೆಯ ಹಿತ್ತಲಿಗೆ. ಆ ಮನೆಯಲ್ಲಿ ವಯಸ್ಸಾದ ಅಕ್ಕೋರು, ಅವರ ಸೊಸೆ, ಮೊಮ್ಮಗ ಇದ್ದಾರೆ. ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಮೇಲ್ಜಾತಿಯವರು. ಹನ್ನೆರಡು ವರ್ಷ ಪಕ್ಕದಲ್ಲಿದ್ದೂ ಅವರು ನಮ್ಮ ಮನೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಜಗಳವೂ ಇರಲಿಲ್ಲ, ಬಳಕೆಯೂ ಇರಲಿಲ್ಲ. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಅವರು ಕಾಂಪೌಂಡಿನ ಹತ್ತಿರ ಬಂದು ನಿಂತು ಹೇಳಿದರು:

"ಸರ್, ನಿಮ್ಮ ಹೊಲಸು ನೀರೆಲ್ಲಾ ನಮ್ಮ ಹಿತ್ತಲದಾಗ ಬಂದು ನಿಂದ್ರಲಿಕತ್ತದ. ಜ್ವಾಳದ ಚೀಲ ತೊಯ್ದು ಮೊಳಕಿ ಬಂದಾವ. ಏನರ ಮಾಡ್ರಿ."

ಅವರ ಮಾತಿನಲ್ಲಿ ನನಗೆ ಕೇಳಿಸಿದ್ದು ಒಂದೇ ಪದ: ಹೊಲಸು. ನಮ್ಮ ಭಾಗದಲ್ಲಿ ಕೊಳೆ ನೀರಿಗೆ ಎಲ್ಲರೂ ಆಡುವ ಮಾತೇ ಅದು. ನಮ್ಮ ಮನೆಯಲ್ಲೂ ಆಡುತ್ತೇವೆ. ಆದರೆ ಅವರ ಬಾಯಲ್ಲಿ ಕೇಳಿದಾಗ ಆ ಪದದೊಳಗೆ ನಮ್ಮ ಕೇರಿಯ ಹಳೆಯ ಹೆಸರಿನ ಸದ್ದು ಕೇಳಿಸುತ್ತದೆ. ಇದನ್ನು ನಿಮಗೆ ವಿವರಿಸಬೇಕಿಲ್ಲ. ಎದೆ ಬಿಸಿಯಾಯಿತು. ಜೋಳ, ಮೊಳಕೆ, ಹಿತ್ತಲು ಯಾವುದೂ ಕಿವಿಗೆ ಬೀಳಲಿಲ್ಲ. ನಾನು ಹೇಳಿದೆ:

"ನೀರು ತಗ್ಗಿಗೇ ಹರಿತದ್ರಿ ಅಕ್ಕೋರೆ. ಮ್ಯಾಲಿಂದ ಬಿದ್ದ ಮಳಿಗಿ ನಾವೇನು ಮಾಡೋಣ?"

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಒಂದು ಸತ್ಯ ಹೇಳುತ್ತೇನೆ. ಆ ಕ್ಷಣ ಸಿಟ್ಟಿನ ಜೊತೆಗೆ ಒಂದು ಸಂತೋಷವೂ ಇತ್ತು. ನಮ್ಮ ಅಜ್ಜನ ಕಾಲದಿಂದ ಅವರ ನೀರು ನಮ್ಮ ಕಡೆ ಹರಿದಿತ್ತು, ಈಗ ನಮ್ಮ ನೀರು ಅವರ ಕಡೆ ಹರಿಯುತ್ತಿದೆ ಎಂಬ ಸಂತೋಷ. ಅದಕ್ಕೆ ನಾನು ಸ್ವಾಭಿಮಾನ ಎಂದು ಹೆಸರಿಟ್ಟುಕೊಂಡೆ.

ನನ್ನ ಕಡೆ ನ್ಯಾಯವಿದೆ ಎಂದು ತೋರಿಸಿಕೊಳ್ಳಲು ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಿದೆ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ ಎಂದರು ಅವರು. ಮೇಲಿನ ಜಮೀನಿನಲ್ಲಿ ಬಿದ್ದ ಮಳೆನೀರು ತನ್ನಷ್ಟಕ್ಕೆ ತಾನು ಕೆಳಗಿನ ಜಮೀನಿಗೆ ಹರಿದರೆ ಕೆಳಗಿನವರು ಅದನ್ನು ಬಿಟ್ಟುಕೊಳ್ಳಬೇಕು. ನನಗೆ ಖುಷಿಯಾಯಿತು. ಆಮೇಲೆ ಅವರು ಕೇಳಿದರು: "ನಿಮ್ಮ ನೆಲ ತಾನಾಗಿಯೇ ಮೇಲಿತ್ತೋ, ನೀವು ಮೇಲೆ ಮಾಡಿದ್ದೋ?" ಏಳು ಟ್ರ್ಯಾಕ್ಟರ್ ಮುರುಮಿನ ಮಾತನ್ನು ನಾನು ಹೇಳಿರಲಿಲ್ಲ. ಹೇಳಿದೆ. "ಹಾಗಾದರೆ ಆ ಕಾಯ್ದೆ ನಿಮ್ಮ ಕಡೆ ನಿಲ್ಲುವುದಿಲ್ಲ" ಎಂದು ಅವರು ನಕ್ಕರು. ನಾನು ನಗಲಿಲ್ಲ.

ಆ ಭಾನುವಾರ ನಮ್ಮ ಬಳಗದಲ್ಲಿ "ಬುದ್ಧ ಮತ್ತು ಆತನ ಧಮ್ಮ"ದ ಓದು. ಬಂದ ಭಾಗ ರೋಹಿಣಿ ನದಿಯದು. ಓದಿದ್ದು ನಾನೇ.

ಆ ಪ್ರಸಂಗ ನಿಮಗೆಲ್ಲ ಗೊತ್ತು. ಮುದುಕ, ರೋಗಿ, ಶವವನ್ನು ಕಂಡು ಸಿದ್ಧಾರ್ಥ ಗೌತಮರು ಮನೆ ಬಿಟ್ಟರು ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಮನುಷ್ಯ ಅಲ್ಲಿಯವರೆಗೆ ಇವನ್ನು ಕಂಡೇ ಇರಲಿಲ್ಲವೇ ಎಂಬುದು ಅವರ ಪ್ರಶ್ನೆ. ಅವರು ಮುಂದಿಟ್ಟ ಕಾರಣ ನೀರಿನ ಜಗಳ. ಶಾಕ್ಯರಿಗೂ ಕೋಲಿಯರಿಗೂ ನಡುವೆ ರೋಹಿಣಿ ನದಿ. ಎರಡೂ ಕಡೆಯವರ ಹೊಲಕ್ಕೆ ಅದೇ ನೀರು. ಮೊದಲು ಯಾರು, ಎಷ್ಟು ಎಂಬ ಜಗಳದಲ್ಲಿ ಎರಡೂ ಕಡೆ ಪೆಟ್ಟು ಬಿತ್ತು. ಶಾಕ್ಯ ಸಂಘದಲ್ಲಿ ಸೇನಾಪತಿ ಯುದ್ಧದ ಪ್ರಸ್ತಾಪ ಇಟ್ಟ. ಎದ್ದು ನಿಂತು ವಿರೋಧಿಸಿದವರು ಸಿದ್ಧಾರ್ಥರು. ಮೊದಲು ತಪ್ಪು ಯಾರದೆಂದು ವಿಚಾರಣೆ ಆಗಲಿ, ನಮ್ಮವರೂ ಕೈ ಮಾಡಿದ್ದಾರೆಂದು ಕೇಳಿದ್ದೇನೆ, ಅದು ನಿಜವಾದರೆ ನಾವೂ ನಿರ್ದೋಷಿಗಳಲ್ಲ ಎಂದರು. ನಮ್ಮ ಕಡೆಯಿಂದ ಇಬ್ಬರು, ಅವರ ಕಡೆಯಿಂದ ಇಬ್ಬರು, ಆ ನಾಲ್ವರು ಸೇರಿ ಆರಿಸಿದ ಐದನೆಯವರು, ಈ ಐವರು ಕೂತು ಬಗೆಹರಿಸಲಿ ಎಂದು ಸಲಹೆ ಕೊಟ್ಟರು. ಸಂಘ ಒಪ್ಪಲಿಲ್ಲ. ಬಹುಮತ ಯುದ್ಧದ ಕಡೆ ಹೋಯಿತು. ಸಿದ್ಧಾರ್ಥರು ಪರಿವ್ರಾಜಕರಾಗಿ ಹೊರಟರು.

ಈ ಭಾಗವನ್ನು ನಾನು ಎಷ್ಟೋ ಸಲ ಓದಿದ್ದೇನೆ, ಭಾಷಣದಲ್ಲಿ ಹೇಳಿದ್ದೇನೆ. ಆ ದಿನ "ನಮ್ಮವರೂ" ಎಂಬಲ್ಲಿಗೆ ಬಂದಾಗ ದನಿ ತಡವರಿಸಿತು. ಎದುರು ಕೂತವರು ಕೆಮ್ಮು ಎಂದುಕೊಂಡರು.

ರಾತ್ರಿ ಮತ್ತೆ ಮಳೆ. ಫರಸಿಯ ಮೇಲೆ ನೀರು ಸರಸರ ಹರಿದು ಆ ಕಡೆ ಹೋಗುವ ಸದ್ದು ಕೇಳುತ್ತ ಮಲಗಿದ್ದೆ. ಆಗ ನಮ್ಮ ಊರು ನೆನಪಾಯಿತು.

ನಮ್ಮ ಕೇರಿ ಊರ ತಗ್ಗಿನಲ್ಲಿತ್ತು. ಎಷ್ಟೋ ಊರುಗಳಲ್ಲಿ ನಮ್ಮ ಕೇರಿಗಳು ಅಲ್ಲೇ ಇರುತ್ತವೆ. ಊರಿನ ಬಚ್ಚಲು, ದನದ ಕೊಟ್ಟಿಗೆ, ಬೀದಿ, ಎಲ್ಲದರ ನೀರೂ ಮಳೆಗಾಲದಲ್ಲಿ ನಮ್ಮ ಗುಡಿಸಲುಗಳ ನಡುವೆ ಹಾದು ಹೋಗಬೇಕು. ಒಂದು ವರ್ಷ ನೀರು ಒಲೆಯವರೆಗೂ ಬಂತು. ಅಪ್ಪ ರುಮಾಲು ಕೈಯಲ್ಲಿ ಹಿಡಿದುಕೊಂಡು ಊರ ಹಿರಿಯರ ಕಟ್ಟೆಯ ಕೆಳಗೆ ನಿಂತು, ಒಂದು ಕಾಲುವೆ ತೋಡಿಸಿರೆಂದು ಕೇಳಿಕೊಂಡರು. ನಾನು ಅವರ ಪಕ್ಕದಲ್ಲಿದ್ದೆ. ಎಂಟು ವರ್ಷ ಇರಬೇಕು. ಕಟ್ಟೆಯ ಮೇಲಿದ್ದವರು ನಕ್ಕು ಹೇಳಿದರು: "ನೀರು ತಗ್ಗಿಗೆ ಹರಿಲಾರ್ದೆ ಏರಿಗಿ ಹರಿತದೇನೋ?"

ಬಂಧುಗಳೇ, ಅಕ್ಕೋರಿಗೆ ನಾನು ಹೇಳಿದ್ದು ಅದೇ ಮಾತು. ಕಟ್ಟೆ ಮಾತ್ರ ಬದಲಾಗಿತ್ತು. ಒಂದೂವರೆ ಅಡಿ ಮುರುಮಿನ ಕಟ್ಟೆ.

ಜಾತಿ ಪದ್ಧತಿಯನ್ನು ಸಮರ್ಥಿಸುವವರು ಬಹಳ ಕಾಲದಿಂದ ಹೇಳುತ್ತ ಬಂದಿರುವುದೂ ಇದನ್ನೇ: ಇದು ನಾವು ಮಾಡಿದ್ದಲ್ಲ, ಸಹಜವಾಗಿ ಹೀಗೇ ಇದೆ. ಬಾಬಾಸಾಹೇಬರು ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಅದು ಬರೀ ಮೇಲು ಕೀಳು ಎಂಬ ಎರಡು ಭಾಗವಲ್ಲ, ಮೆಟ್ಟಿಲು ಮೆಟ್ಟಿಲು. ಮೇಲಿನಿಂದ ಬಂದದ್ದನ್ನು ಪ್ರತಿಯೊಬ್ಬನೂ ಕೆಳಗಿನವನ ಮೇಲೆ ಹರಿಸಿ ಹಗುರಾಗುತ್ತಾನೆ. ರಸ್ತೆ ಮಾಡಿದವರು ನೀರನ್ನು ನನ್ನ ಮೇಲೆ ಹಾಕಿದರು, ನಾನು ಅಕ್ಕೋರ ಮೇಲೆ ಹಾಕಿದೆ. ಅವರಿಗಿಂತ ತಗ್ಗಿನಲ್ಲಿ ಇನ್ನೊಂದು ಮನೆಯಿದ್ದರೆ ಅವರೂ ಮುರುಮು ಹಾಕಿಸುತ್ತಿದ್ದರೋ ಏನೋ. ಈ ಮೆಟ್ಟಿಲು ಹತ್ತಲು ಜಾತಿ ಬೇಕೇಬೇಕೆಂದಿಲ್ಲ, ನೀರು ಎಲ್ಲಿಗೆ ಹೋಗುತ್ತದೆಂದು ಕೇಳದಿದ್ದರೆ ಸಾಕು.

ನಾನು ಮಾಡಿದ್ದು ಎಷ್ಟು ಎಂದು ಮರುದಿನ ಲೆಕ್ಕ ಹಾಕಿದೆ. 30×40 ಅಡಿ ಜಾಗದ ಮೇಲೆ ಒಂದು ಇಂಚು ಮಳೆ ಬಿದ್ದರೆ 100 ಘನ ಅಡಿ ನೀರು, ಅಂದರೆ ಸುಮಾರು 2,800 ಲೀಟರ್. 200 ಲೀಟರಿನ ಡ್ರಮ್ಮಿನಲ್ಲಿ ಹದಿನಾಲ್ಕು ಡ್ರಮ್. ನಾನು ಒಂದು ಕೊಡ ನೀರನ್ನು ಕಾಂಪೌಂಡಿನ ಮೇಲಿಂದ ಅವರ ಹಿತ್ತಲಿಗೆ ಎಸೆದಿದ್ದರೆ ಓಣಿಯೆಲ್ಲ ಸೇರುತ್ತಿತ್ತು. ಹದಿನಾಲ್ಕು ಡ್ರಮ್ಮನ್ನು ಇಳಿಜಾರಿನ ಕೈಯಲ್ಲಿ ಸುರಿಸಿದೆ, ಯಾರೂ ಕೇಳಲಿಲ್ಲ. ನನ್ನ ಮನಸ್ಸೂ ಕೇಳಲಿಲ್ಲ.

ಕಮ್ಮ ಎಂದರೆ ಚೇತನ, ಮನಸ್ಸಿನ ಉದ್ದೇಶ ಎಂದು ಬುದ್ಧರು ಹೇಳಿದ್ದಾರೆ. ಮುರುಮು ಹಾಕಿಸುವಾಗ ನನಗೆ ಕೆಟ್ಟ ಉದ್ದೇಶ ಇರಲಿಲ್ಲ, ನಿಜ. ಆದರೆ ಅಕ್ಕೋರು ಬಂದು ಹೇಳಿದ ಮೇಲೆ? ಅವರು ಹೇಳುವವರೆಗೆ ಅದು ಅಜ್ಞಾನ. ಹೇಳಿದ ಮರುಕ್ಷಣದಿಂದ ಪ್ರತಿ ಮಳೆಯೂ ನನ್ನ ಕಮ್ಮ. ಪಂಚಶೀಲದ ಎರಡನೆಯದನ್ನು ದಿನವೂ ಹೇಳುತ್ತೇವೆ: ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ. ಅವರು ತಮ್ಮ ಹಿತ್ತಲನ್ನು ನನ್ನ ನೀರಿಗೆ ಕೊಟ್ಟಿರಲಿಲ್ಲ. ನಾನು ತೆಗೆದುಕೊಂಡಿದ್ದೆ.

ಮುಂದಿನ ಸಭೆಯಲ್ಲಿ ಇದನ್ನು ಹೇಳಿದಾಗ ನಮ್ಮ ಬಳಗದ ಯುವಕನೊಬ್ಬ ಎದ್ದು ಕೇಳಿದ: "ಅಣ್ಣಾ, ಅವರ ನೀರು ಎಷ್ಟು ತಲೆಮಾರು ನಮ್ಮ ಕೇರಿಗೆ ಬಂತು? ಒಂದು ಮಳೆಗಾಲ ನಮ್ಮ ನೀರು ಅವರ ಹಿತ್ತಲಿಗೆ ಹೋದರೆ ಏನಾಯ್ತು? ಯಾವಾಗಲೂ ಬಗ್ಗಬೇಕಾದವರು ನಾವೇನಾ? ಅದೂ ಹೊಲಸು ಅಂದವರ ಮುಂದೆ?"

ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ, ನೀವೂ ತೆಗೆದುಕೊಳ್ಳಬೇಡಿ. ತಾಳ್ಮೆಯ ಉಪದೇಶ ನಮ್ಮ ಜನಕ್ಕೆ ಬೇಕಾದಷ್ಟು ಸಿಕ್ಕಿದೆ. ಮತ್ತೊಬ್ಬರು ಬಂದು ತಾಳ್ಮೆ ಎಂದರೆ ಅನುಮಾನ ಪಡುವುದು ಸರಿಯೇ. ಆದರೆ ಇಲ್ಲಿ ಎರಡು ವಿಷಯಗಳಿವೆ. ಒಂದು ನೀರು, ಒಂದು ಮಾತು. ನೀರಿನಲ್ಲಿ ತಪ್ಪು ನನ್ನದು. ಮಾತಿನಲ್ಲಿ ತಪ್ಪಿದ್ದರೆ ಅದು ಅವರದು. ಅವರ ಮಾತಿನ ತಪ್ಪನ್ನು ತೋರಿಸಿ ನನ್ನ ನೀರಿನ ತಪ್ಪನ್ನು ಮುಚ್ಚಿಕೊಂಡರೆ ನಮ್ಮ ನಿಜವಾದ ನೋವನ್ನು ನಾನೇ ಅಗ್ಗ ಮಾಡಿದಂತೆ.

ಮಹಾಡ್ ನೆನಪಿಸಿಕೊಳ್ಳಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನವರೆಗೂ ಹೋಗಿ ಗೆದ್ದರು. ಬಗ್ಗಿದವರಲ್ಲ ಅವರು. ಆದರೆ ಆ ಕೆರೆ ಇನ್ನು ಮುಂದೆ ಮೇಲ್ಜಾತಿಯವರಿಗೆ ಮುಚ್ಚಲಿ ಎಂದು ಅವರು ಎಂದೂ ಕೇಳಲಿಲ್ಲ. ಇಳಿಜಾರನ್ನು ತಿರುಗಿಸಿ ಇಡುವುದು ಅವರ ಹೋರಾಟ ಆಗಿರಲಿಲ್ಲ. ನಾವು 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂದು ನಂಬುತ್ತೇವೆ, ಸಮಾನತೆಯನ್ನು ಸ್ಥಾಪಿಸಲು ದುಡಿಯುತ್ತೇವೆ ಎಂದು ಹೇಳಿದವರು. ಆ ಪ್ರತಿಜ್ಞೆ ನಮ್ಮ ಕಾಂಪೌಂಡಿನ ಗೋಡೆಯ ಹತ್ತಿರ ನಿಲ್ಲುವುದಿಲ್ಲ.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ. ಅದು ಇಲ್ಲದೆ ಬದುಕಿದ ನೋವು ನಮಗೆ ಗೊತ್ತು. ಪಾಲಿಯಲ್ಲಿಯೂ ಮಾನ ಎಂಬ ಪದವಿದೆ. ಅಲ್ಲಿ ಅದು ಹತ್ತು ಸಂಯೋಜನಗಳಲ್ಲಿ, ಅಂದರೆ ಮನುಷ್ಯನನ್ನು ಕಟ್ಟಿಹಾಕುವ ಬಂಧನಗಳಲ್ಲಿ ಒಂದು. ನಾನು ಹೆಚ್ಚು ಎನ್ನುವುದು ಮಾನ, ನಾನು ಕಡಿಮೆ ಎನ್ನುವುದೂ ಮಾನ, ನಾನೂ ಅವನಷ್ಟೇ ಎಂದು ಅಳೆಯುತ್ತ ಕೂರುವುದೂ ಮಾನ. ಸಮಾನತೆ ಬೇಡ ಎಂದು ಇದರ ಅರ್ಥವಲ್ಲ. ಸಮಾನತೆ ನಾವು ಬದುಕಬೇಕಾದ ರೀತಿ. ಆದರೆ ಇಡೀ ದಿನ ಕೈಯಲ್ಲಿ ಟೇಪು ಹಿಡಿದು ತನ್ನನ್ನೂ ಪಕ್ಕದವರನ್ನೂ ಅಳೆಯುವ ಮನಸ್ಸು ಸುಖವಾಗಿರುವುದಿಲ್ಲ.

ಕನ್ನಡದ ಮಾನ ನಮಗೆ ಬೇಕು, ಪಾಲಿಯ ಮಾನ ಬಿಡಬೇಕು. ಎರಡನ್ನೂ ಬೇರೆ ಮಾಡುವುದು ಹೇಗೆ? ನನಗೆ ಹೊಳೆದದ್ದು ಇಷ್ಟು. ಪಕ್ಕದವರಿಗೂ ಇದ್ದಾಗ ನನ್ನದು ಕಡಿಮೆಯಾಗದಿದ್ದರೆ ಅದು ಸ್ವಾಭಿಮಾನ. ಪಕ್ಕದವರ ಹಿತ್ತಲು ಒದ್ದೆಯಾದರೆ ಮಾತ್ರ ನನ್ನದು ಒಣಗಿರುತ್ತದೆ ಎಂದರೆ ಅದು ಬಂಧನ.

ಹನ್ನೊಂದನೆಯ ದಿನ ನಾನೇ ಅವರ ಮನೆಯ ಮುಂದೆ ಹೋಗಿ ನಿಂತೆ. "ಅಕ್ಕೋರೆ, ನೀರಿಂದು ತಪ್ಪು ನಂದೇ ಅದ. ನಾಳೆ ಕೂತು ಮಾತಾಡೋಣು" ಎಂದೆ. ಅವರು ಏನೂ ಹೇಳಲಿಲ್ಲ, ತಲೆಯಾಡಿಸಿದರು. ಸಿದ್ಧಾರ್ಥರ ಲೆಕ್ಕದಂತೆ ನಮ್ಮ ಕಡೆ ನಾನು, ನನ್ನ ಹೆಂಡತಿ. ಅವರ ಕಡೆ ಅಕ್ಕೋರು, ಅವರ ಸೊಸೆ. ಐದನೆಯವರು ಯಾರು? ಇಬ್ಬರ ಮನೆಯನ್ನೂ ಕಟ್ಟಿದ ಗೌಂಡಿ ಚಾಚಾ. ನಾಲ್ವರೂ ಒಪ್ಪಿದೆವು.

ಚಾಚಾ ಮೊದಲು ವಿಚಾರಣೆ ಮಾಡಿದರು. ಎರಡು ಸಂಗತಿ ಹೊರಬಂತು. ನನ್ನ ಫರಸಿಯ ಇಳಿಜಾರು ಮುಂದೆ ಗಟಾರದ ಕಡೆ ಇರಬೇಕಿತ್ತು, ಹಿಂದಿನ ಮೂಲೆಗೆ, ಅವರ ಕಡೆಗೆ ಇತ್ತು. ಅವರ ಹಿತ್ತಲ ಗೋಡೆಯಲ್ಲಿ ನೀರು ಹೊರಗೆ ಹೋಗಲು ಮೊದಲು ಒಂದು ಕಿಂಡಿ ಇತ್ತು. ಇಲಿ ಬರುತ್ತವೆಂದು ಅದನ್ನು ಸಿಮೆಂಟಿನಿಂದ ಮುಚ್ಚಿದ್ದರು. ಇಂಗುಗುಂಡಿ ತೋಡಬಹುದಲ್ಲವೇ ಎಂದು ಅವರ ಸೊಸೆ ಕೇಳಿದಳು. ಚಾಚಾ ಬೇಡವೆಂದರು. ನಮ್ಮದು ಎರೆಭೂಮಿ. ಒಣಗಿದಾಗ ಬಿರುಕು ಬಿಡುತ್ತದೆ, ಒದ್ದೆಯಾದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬೇಗ ನೀರು ಕುಡಿಯುವುದಿಲ್ಲ.

ಚಾಚಾ ತಮ್ಮ ಲೆವಲ್ ಪೈಪ್ ತೆಗೆದರು. ನೀರು ತುಂಬಿದ ತಿಳಿ ಬಣ್ಣದ ಉದ್ದ ಪೈಪು, ನೀವೂ ನೋಡಿರುತ್ತೀರಿ. ಒಂದು ತುದಿ ನನ್ನ ಕೈಗೆ ಕೊಟ್ಟರು, ಇನ್ನೊಂದು ತುದಿಯನ್ನು ಗೋಡೆಯಾಚೆ ಅಕ್ಕೋರ ಸೊಸೆಯ ಕೈಗೆ. ನಾನು ಎತ್ತರದಲ್ಲಿ, ಅವಳು ತಗ್ಗಿನಲ್ಲಿ. ಎರಡೂ ತುದಿಯಲ್ಲಿ ನೀರು ತುಸು ತೂಗಾಡಿ ಒಂದೇ ಮಟ್ಟಕ್ಕೆ ಬಂದು ನಿಂತಿತು.

"ನೀರಿಗಿ ಮ್ಯಾಲಿನವರು ಕೆಳಗಿನವರು ಗೊತ್ತಿಲ್ಲ ಸರ್. ಅದಕ್ಕ ಸಮ ಆಗೋದಷ್ಟೇ ಗೊತ್ತು" ಎಂದರು ಚಾಚಾ, ಪೆನ್ಸಿಲಿನಿಂದ ಗುರುತು ಹಾಕುತ್ತ. ಅವರಿಗೆ ಅದು ದಿನದ ಕೆಲಸದ ಮಾತು. ನನಗೆ ಅಪ್ಪನಿಗೆ ಸಿಗಬೇಕಿದ್ದ ಉತ್ತರ ಸಿಕ್ಕಂತಾಯಿತು. ನೀರು ತಗ್ಗಿಗೆ ಹರಿಯುವುದು ನಿಜ. ಆದರೆ ಎಲ್ಲಿಯವರೆಗೆ? ಸಮವಾಗುವವರೆಗೆ. ಕಟ್ಟೆಯ ಮೇಲಿದ್ದವರು ಅರ್ಧ ಮಾತ್ರ ಹೇಳಿದ್ದರು.

ಎರಡು ದಿನದ ಕೆಲಸವಾಯಿತು. ಗೋಡೆಯ ಪಕ್ಕದ ಎರಡು ಸಾಲು ಫರಸಿ ತೆಗೆದು, 40 ಅಡಿ ಉದ್ದ ಆರಿಂಚಿನ ಪೈಪ್ ಹಾಕಿದರು. ಹತ್ತು ಅಡಿಗೆ ಒಂದೂಕಾಲು ಇಂಚಿನಂತೆ ಒಟ್ಟು ಐದು ಇಂಚು ಇಳಿಜಾರು, ಮುಂದಿನ ಗಟಾರದ ಕಡೆಗೆ. ಹಿಂದಿನ ಮೂಲೆಯಲ್ಲಿ ಒಂದು ಚೇಂಬರ್, ಅದಕ್ಕೆ ಜಾಳಿಗೆ. ಖರ್ಚು ನನ್ನದು, ನೆಲ ಏರಿಸಿದವನು ನಾನು. ಅವರು ತಮ್ಮ ಕಿಂಡಿ ತೆಗೆಸಿ ಇಲಿ ಬಾರದಂತೆ ಕಬ್ಬಿಣದ ಜಾಳಿಗೆ ಹಾಕಿಸಿಕೊಂಡರು. ಕೆಟ್ಟ ಜೋಳದ ಬದಲಿಗೆ ಒಂದು ಚೀಲ ಕೊಡುತ್ತೇನೆಂದೆ. ಅರ್ಧ ಚೀಲ ಸಾಕು, ಉಳಿದದ್ದು ಒಣಗಿಸಿದ್ದೇವೆ ಎಂದರು.

ಕೆಲಸ ಮುಗಿದ ಮೇಲೆ ಎರಡನೆಯ ವಿಷಯ. ನೀರಿನ ತಪ್ಪು ತಿದ್ದಿದ ಮೇಲೆ ಮಾತಿನ ಬಗ್ಗೆ ಹೇಳಲು ನನಗೆ ನಾಚಿಕೆ ಇರಲಿಲ್ಲ. "ಅಕ್ಕೋರೆ, ಒಂದು ಮಾತು. ಅವತ್ತು ನೀವು ನಿಮ್ಮ ಹೊಲಸು ನೀರು ಅಂದ್ರಿ. ನಮ್ಮಂಥವರಿಗೆ ಆ ಮಾತು ಬ್ಯಾರೆ ಥರ ಚುಚ್ಚತದ. ನಮ್ಮ ಅಪ್ಪಗ ಜೀವಮಾನ ಎಲ್ಲಾ ಹಂಗೇ ಅಂದಾರ." ದನಿ ಏರಿಸಲಿಲ್ಲ, ತಗ್ಗಿಸಲೂ ಇಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾ ಹಂಗ ತಿಳದು ಅನ್ಲಿಲ್ರಿ" ಎಂದರು. ಅಷ್ಟೇ.

ಕಳೆದ ವಾರ ಮತ್ತೆ ಜೋರು ಮಳೆ ಬಿತ್ತು. ಬೆಳಿಗ್ಗೆ ಅಕ್ಕೋರು ಕಾಂಪೌಂಡಿನ ಹತ್ತಿರ ಬಂದು "ಮಳಿ ನೀರು ಬರ್ಲಿಲ್ರಿ ಸರ್" ಎಂದರು. ಮಳಿ ನೀರು ಎಂದರು. ನನ್ನ ಹೆಂಡತಿ ಚಹಾಕ್ಕೆ ಕರೆದಳು. "ಇನ್ನೊಮ್ಮೆ ಬರ್ತೀನವ್ವಾ" ಎಂದು ಹೋದರು. ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ನೀರಿನ ಜಗಳ ಮುಗಿದಿದೆ, ಹೊಸ್ತಿಲಿನ ಪ್ರಶ್ನೆ ಹಾಗೆಯೇ ಇದೆ. ಒಂದು ಪೈಪು ಜಾತಿಯನ್ನು ಅಳಿಸಿತು ಎಂದು ನಾನು ಹೇಳುವುದಿಲ್ಲ. ಆದರೆ ಅವರು ನಾಳೆ ಮತ್ತೆ ತಪ್ಪು ಮಾತಾಡಿದರೆ ಎದುರು ನಿಂತು ಕೇಳಲು ನನಗೀಗ ಹಕ್ಕಿದೆ. ನನ್ನ ನೀರು ಅವರ ಹಿತ್ತಲಲ್ಲಿ ನಿಂತಿಲ್ಲ.

ಮನುಷ್ಯ ಒಬ್ಬನೇ ಇದ್ದರೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಸೇರಿ ಬದುಕುವಲ್ಲಿ ಅದು ಬೇಕೇಬೇಕು ಎಂಬುದು ಬಾಬಾಸಾಹೇಬರ ವಿಚಾರ. ಆ ಎರಡನೆಯವರು ಹೆಚ್ಚಾಗಿ ಪಕ್ಕದ ಮನೆಯವರೇ ಆಗಿರುತ್ತಾರೆ.

ಇವತ್ತಿನ ಅಭ್ಯಾಸ ಇಷ್ಟೇ. ಮಳೆ ನಿಂತ ಮೇಲೆ ಮನೆಯ ಸುತ್ತ ಒಮ್ಮೆ ನಡೆಯಿರಿ. ನಮ್ಮ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿ. ಆಮೇಲೆ ಕೂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರ ದೂರನ್ನು ನಾನು ಕೇಳಿಸಿಕೊಳ್ಳದೆ ಬಿಟ್ಟಿದ್ದೇನೆ? ಸ್ವಾಭಿಮಾನ ಎಂದು ಕರೆಯುತ್ತಿರುವುದರಲ್ಲಿ ಪಾಲಿಯ ಮಾನ ಎಷ್ಟಿದೆ? ನನ್ನ ಸಿಟ್ಟು, ನನ್ನ ಮಾತು, ನನ್ನ ಮನೆಯ ಕೆಲಸದ ಭಾರ ಇಳಿಜಾರು ಹಿಡಿದು ಯಾರ ಮೇಲೆ ಹರಿಯುತ್ತಿದೆ? ಕೊನೆಯ ಪ್ರಶ್ನೆಯನ್ನು ಮನೆಯೊಳಗೂ ಕೇಳಿಕೊಳ್ಳಿ, ಹೆಂಡತಿಯ ಮುಂದೆ, ಸೊಸೆಯ ಮುಂದೆ.

ಓದಿ, ಮನೆಯಲ್ಲಿ ಚರ್ಚಿಸಿ, ಸರಿ ಎನಿಸಿದರೆ ಇನ್ನೊಬ್ಬರಿಗೂ ಕಳುಹಿಸಿ.

ಭವತು ಸಬ್ಬ ಮಂಗಳಂ.
ನಮೋ ಬುದ್ಧಾಯ. ಜೈ ಭೀಮ್.